ಅಮೆರಿಕ ಕಡಲಾಚೆಯ ದ್ವೀಪಗಳನ್ನು ಹಿಡಿದದ್ದು ವ್ಯಾಪಾರಕ್ಕಾಗಿಯೇ?

ಪರ: ಲೆಕ್ಕ ಶುರುವಾದದ್ದೇ ಸಕ್ಕರೆಯಿಂದ

ಪೆಸಿಫಿಕ್ ಸಾಗರದ ಹವಾಯಿ ಆಗ ಬೇರೆಯೇ ರಾಜ್ಯ. ಅಲ್ಲಿ ಸಕ್ಕರೆ ವ್ಯವಹಾರ ಹೆಚ್ಚುಕಡಿಮೆ ಪೂರ್ತಿ ಹೊರಗಿನಿಂದ ಬಂದ ಬಿಳಿಯರ ಕೈಯಲ್ಲಿತ್ತು. ಅವರಲ್ಲಿ ಅಮೆರಿಕ ಮೂಲದವರೇ ಜಾಸ್ತಿ. 1875ರ ಒಪ್ಪಂದದಿಂದ ಅವರ ಸಕ್ಕರೆಗೆ ಅಮೆರಿಕದಲ್ಲಿ ಸುಂಕ ಇರಲಿಲ್ಲ, ಬೇರೆ ದೇಶಗಳ ಸಕ್ಕರೆಗೆ ಇತ್ತು. 1890ರಲ್ಲಿ ಅಮೆರಿಕ ಕಾನೂನು ಬದಲಿಸಿತು. ಎಲ್ಲರ ಕಚ್ಚಾ ಸಕ್ಕರೆಗೂ ಸುಂಕ ತೆಗೆದು, ತನ್ನ ನೆಲದ ಸಕ್ಕರೆಗೆ ಮಾತ್ರ ಪೌಂಡಿಗೆ 2 ಸೆಂಟ್ ಸಹಾಯಧನ ಕೊಟ್ಟಿತು. ಹವಾಯಿಯ ತೋಟದವರ ಲಾಭ ನೆಲಕಚ್ಚಿತು. ಹವಾಯಿಯೇ ಅಮೆರಿಕದ ನೆಲವಾಗಿಬಿಟ್ಟರೆ ಆ 2 ಸೆಂಟ್ ತಮಗೂ ಸಿಗುತ್ತದೆ ಅಲ್ವಾ?

1893ರ ಜನವರಿಯಲ್ಲಿ ವ್ಯಾಪಾರಿಗಳು, ವಕೀಲರು, ತೋಟದವರು ಸೇರಿದ ಗುಂಪೊಂದು ರಾಣಿ ಲಿಲಿಯುಓಕಲಾನಿಯನ್ನು ಪಟ್ಟದಿಂದ ಇಳಿಸಿತು. ಅಮೆರಿಕದ ಯುದ್ಧನೌಕೆಯಿಂದ ಇಳಿದ ಸೈನಿಕರು ಹೊನೊಲುಲುವಿನಲ್ಲಿ ನಿಂತಿದ್ದರು. ಒಬ್ಬ ರಾಣಿಯನ್ನು, ಒಂದು ರಾಜ್ಯವನ್ನು ಹೀಗೆ ಕಳೆದುಹಾಕಿದ್ದನ್ನು ಓದುವಾಗ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಅಮೆರಿಕದ ಸಂಸತ್ತು ಇದಕ್ಕೆ ಕ್ಷಮೆ ಕೇಳಲು ಸರಿಯಾಗಿ ನೂರು ವರ್ಷ ಬೇಕಾಯಿತು.

ಅದೇ 1893ರಲ್ಲಿ ಅಮೆರಿಕದ ಆರ್ಥಿಕತೆ ಕುಸಿಯಿತು. ಬ್ಯಾಂಕುಗಳು ಮುಚ್ಚಿದವು, ರೈಲು ಕಂಪನಿಗಳು ದಿವಾಳಿಯಾದವು. ಕಾರ್ಖಾನೆಯ ಸರಕನ್ನು ಕೊಳ್ಳಲು ಒಳಗಿನ ಜನ ಸಾಲದು, ಹೊರಗೆ ಮಾರುಕಟ್ಟೆ ಬೇಕು ಎಂಬ ಕೂಗು ಎದ್ದಿತು. ಕಣ್ಣು ಬಿದ್ದದ್ದು ಚೀನಾದ ಮೇಲೆ. ಆಗಿನ ಹಡಗುಗಳು ಕಲ್ಲಿದ್ದಲಿನಿಂದ ಓಡುತ್ತಿದ್ದವು, ದಾರಿಯಲ್ಲಿ ನಿಲ್ಲಲು ಬಂದರು ಬೇಕು. ಭೂಪಟ ಬಿಡಿಸಿ ನೋಡಿ. ಹವಾಯಿ, ವೇಕ್ ಮತ್ತು ಗುವಾಮ್ ದ್ವೀಪಗಳು, ಫಿಲಿಪೈನ್ಸ್‌ನ ಮನಿಲಾ. ಕ್ಯಾಲಿಫೋರ್ನಿಯಾದಿಂದ ಚೀನಾಕ್ಕೆ ಹೋಗುವ ದಾರಿಯಲ್ಲೇ ಸಾಲಾಗಿ ಇವೆ. ನಾಲ್ಕೂ ಕಡೆ ಅಮೆರಿಕದ ಬಾವುಟ ಏರಿದ್ದು 1898 ಮತ್ತು 1899ರಲ್ಲಿ.

ಇದು ನನ್ನ ಊಹೆಯಲ್ಲ. ಇಂಡಿಯಾನಾದ ಸೆನೆಟರ್ ಬೆವರಿಜ್ 1900ರಲ್ಲಿ ಸೆನೆಟ್‌ನಲ್ಲೇ ಎದ್ದು ನಿಂತು ಹೇಳಿದರು: ಫಿಲಿಪೈನ್ಸ್ ಎಂದೆಂದಿಗೂ ನಮ್ಮದು, ಅದರಾಚೆಗೇ ಚೀನಾದ ಕೊನೆಯಿಲ್ಲದ ಮಾರುಕಟ್ಟೆ ಇದೆ ಎಂದು. ಬಾಯಿಬಿಟ್ಟು ಹೇಳಿದ ಮೇಲೂ ಬೇರೆ ಕಾರಣ ಯಾಕೆ ಹುಡುಕಬೇಕು?

ಫಿಲಿಪೈನ್ಸ್ ಅದುವರೆಗೆ ಸ್ಪೇನ್ ಕೈಯಲ್ಲಿತ್ತು, 1898ರಲ್ಲಿ ಅಮೆರಿಕ ಸ್ಪೇನ್ ಜೊತೆ ಯುದ್ಧ ಮಾಡಿ ಗೆದ್ದಿತು. ಕೆಲವು ಉದ್ಯಮಿಗಳು ಆ ಯುದ್ಧವೇ ಬೇಡ ಎಂದಿದ್ದರು ಎಂದು ಎದುರು ಪಕ್ಷದವರು ಹೇಳುತ್ತಾರೆ. ಗೆದ್ದ ಮೇಲೆ ಅವರಲ್ಲಿ ಎಷ್ಟು ಜನ ಬಂದರು ಬೇಡ ಎಂದರು? ಇನ್ನು, ಅಮೆರಿಕ ಹೋದದ್ದು ಪಾಠ ಹೇಳಿಕೊಡಲು ಎನ್ನುವವರಿದ್ದಾರೆ. ಪಾಠ ಹೇಳುವವರು ಫಿರಂಗಿ ತರುವುದಿಲ್ಲ. 1898ರ ಜೂನ್ 12ರಂದು ಫಿಲಿಪೈನ್ಸ್ ಜನರ ನಾಯಕ ಅಗಿನಾಲ್ಡೊ ಸ್ವಾತಂತ್ರ್ಯ ಘೋಷಿಸಿದ್ದರು. ಆ ಜನರನ್ನು ಒಂದು ಮಾತೂ ಕೇಳದೆ ಅವರ ದೇಶವನ್ನು 2 ಕೋಟಿ ಡಾಲರ್‌ಗೆ ಸ್ಪೇನ್‌ನಿಂದ ಪಡೆದರು. ಹಣ ಕೊಟ್ಟು ಪಡೆದದ್ದನ್ನು ವ್ಯಾಪಾರ ಎನ್ನದೆ ಇನ್ನೇನು ಎನ್ನಬೇಕು?

ವಿರೋಧ: ಸಕ್ಕರೆಯೊಂದೇ ಸಾಲದು

ಈ ಪಕ್ಷ ಹಿಡಿದು ಬರೆಯಿರಿ ಎಂದು ಕೇಳಿದರು, ಒಪ್ಪಿಕೊಂಡೆ. ವ್ಯಾಪಾರದ ಪಾತ್ರ ಇರಲಿಲ್ಲ ಎಂದು ನಾನೂ ಹೇಳಲಾರೆ. ಹವಾಯಿಯ ಕಥೆಯೇ ಬೇರೆ, ಅದನ್ನು ಇಲ್ಲಿಗೆ ಬಿಡೋಣ. ಆದರೆ ಫಿಲಿಪೈನ್ಸ್? ಉಕ್ಕಿನ ದೊರೆ ಕಾರ್ನೆಗಿಗಿಂತ ದೊಡ್ಡ ಉದ್ಯಮಿ ಯಾರಿದ್ದರು? ಅವರೇ ಅದನ್ನು ಹಿಡಿಯುವುದನ್ನು ಗಟ್ಟಿಯಾಗಿ ವಿರೋಧಿಸಿದರು. ಆ ಜನರಿಗೆ ಸ್ವಾತಂತ್ರ್ಯ ಕೊಡುವುದಾದರೆ 2 ಕೋಟಿ ಡಾಲರ್ ನಾನೇ ಕೊಡುತ್ತೇನೆ ಎಂದರು. ಸ್ಪೇನ್‌ನಿಂದ ಫಿಲಿಪೈನ್ಸ್ ಪಡೆಯುವ ಒಪ್ಪಂದ ಸೆನೆಟ್‌ನಲ್ಲಿ 57-27ರಿಂದ ಗೆದ್ದಿತು, ಬೇಕಿದ್ದ ಮೂರನೇ ಎರಡು ಪಾಲಿಗಿಂತ ಒಂದೇ ಮತ ಹೆಚ್ಚು.

ಗಲ್ಫ್‌ನಲ್ಲಿ ಕೆಲಸ ಮಾಡುತ್ತಿದ್ದಾಗ ಫಿಲಿಪೈನ್ಸ್‌ನ ನರ್ಸ್ ಒಬ್ಬರು ನಮ್ಮ ಪಕ್ಕದ ಮನೆಯಲ್ಲಿದ್ದರು. ಬತಾಂಗಾಸ್ ಕಡೆಯವರು. ನನ್ನ ಹೆಂಡತಿಗೆ ಜ್ವರ ಬಂದಾಗ ರಾತ್ರಿಯೆಲ್ಲ ಕೂತು ನೋಡಿಕೊಂಡವರು. ಅವರ ಮುತ್ತಜ್ಜಿಗೆ ಓದು ಕಲಿಸಿದ್ದು ಅಮೆರಿಕದ ಟೀಚರ್ ಅಂತೆ. 1901ರಲ್ಲಿ 'ಥಾಮಸ್' ಎಂಬ ಹಡಗಿನಲ್ಲಿ ಸುಮಾರು 500 ಟೀಚರ್‌ಗಳು ಮನಿಲಾಕ್ಕೆ ಬಂದಿಳಿದಿದ್ದರು. ಆ ಮುತ್ತಜ್ಜಿ ತಾನು ಕಲಿತದ್ದನ್ನು ಮಗಳಿಗೆ ಕಲಿಸಿದರು, ಮಗಳು ಟೀಚರ್ ಆದರು, ಮೊಮ್ಮಗಳೂ ಟೀಚರ್, ಇವರು ನರ್ಸ್. ಆ ಟೀಚರ್ ಬಗ್ಗೆ ಅವರ ಮನೆಯಲ್ಲಿ ಇವತ್ತಿಗೂ ಪ್ರೀತಿಯಿಂದ ಮಾತಾಡುತ್ತಾರೆ. ಅದೇ ಮುತ್ತಜ್ಜಿಯ ಮನೆಯವರನ್ನು ಅಮೆರಿಕದ ಸೈನ್ಯ ಊರು ಬಿಡಿಸಿ ಕಾವಲಿನ ಗಡಿಯೊಳಗೆ ಕೂಡಿಹಾಕಿತ್ತು ಎಂದೂ ಹೇಳಿದರು. ಅಮೆರಿಕದ ವಿರುದ್ಧ ಹೋರಾಟ ನಡೆಯುತ್ತಿದ್ದ ಬತಾಂಗಾಸ್‌ನಲ್ಲಿ ಆಗ ಹಾಗೆ ನಡೆದದ್ದು ನಿಜ. ಎರಡನ್ನೂ ಒಂದೇ ದನಿಯಲ್ಲಿ ಹೇಳಿದರು. ಎದುರು ಪಕ್ಷದವರು ಫಿರಂಗಿಯನ್ನು ಮಾತ್ರ ಹೇಳಿದರು. ಟೀಚರನ್ನು ಕಳಿಸಿದ್ದೂ ಅದೇ ಸರ್ಕಾರ. ಹಿಂದುಳಿದವರನ್ನು ತಿದ್ದುವುದು ನಮ್ಮ ಕೆಲಸ ಎಂಬ ಆ ಕಾಲದ ಹಮ್ಮು ಅದರಲ್ಲಿದೆ. ಅದು ತಪ್ಪೇ ಇರಬಹುದು, ಆದರೆ ಅವರು ಅದನ್ನು ನಿಜವಾಗಿ ನಂಬಿದ್ದರು.

ಬರೀ ಚೀನಾದ ದಾರಿಗಾದರೆ ಮನಿಲಾ ಬಂದರೊಂದೇ ಸಾಕಿತ್ತು. ಅಧ್ಯಕ್ಷ ಮೆಕಿನ್ಲಿ ಕೂಡ ಸ್ಪೇನ್ ಜೊತೆ ಸಂಧಾನಕ್ಕೆ ಹೊರಟವರಿಗೆ ಮೊದಲು ಮನಿಲಾ ಇರುವ ಲುಜಾನ್ ದ್ವೀಪವೊಂದನ್ನೇ ಕೇಳಿ ಎಂದಿದ್ದರು. 1898ರ ಅಕ್ಟೋಬರ್‌ನಲ್ಲಿ ಭಾಷಣ ಮಾಡುತ್ತ ಊರೂರು ಸುತ್ತಿದರು. ದೇಶದ ಹಿರಿಮೆ, ಕರ್ತವ್ಯ ಎಂದಾಗಲೆಲ್ಲ ಜನ ಚಪ್ಪಾಳೆ ತಟ್ಟಿದರು. ತಿರುಗಿ ಬಂದ ಮೇಲೆ ಫಿಲಿಪೈನ್ಸ್ ಪೂರ್ತಿ ಬೇಕು ಎಂದು ಹೇಳಿ ಕಳಿಸಿದರು.