ಅಂಗಿಯ ತೋಳು ಏರಿಸಿ ತೋರಿಸಿದೆ

"ತೋಳು ಏರಸ್ರಿ, ನೋಡೋಣು" ಎಂದ ಔಷಧ ಅಂಗಡಿಯ ಆ ಮನುಷ್ಯ. ನಾನು ಏರಿಸಿದೆ. ಮಧ್ಯಾಹ್ನದಿಂದ ಇದೊಂದೇ ತಲೆಯಲ್ಲಿ ಸುತ್ತುತ್ತಿದೆ. ಅವನು ಕೇಳಿದ್ದಕ್ಕಿಂತ, ನಾನು ಮರುಮಾತಿಲ್ಲದೆ ಏರಿಸಿದ್ದೇ ಹೆಚ್ಚು ಸುಡುತ್ತಿದೆ.

ನನ್ನ ಕೈಯಲ್ಲಿ ಹುಬ್ಬಳ್ಳಿಯ ವೈದ್ಯರು ಬರೆದ ಚೀಟಿ ಇತ್ತು. ಅವ್ವನ ಹೆಸರು, ವಯಸ್ಸು, ಜೋರು ನೋವಿಗೆ ಕೊಡುವ ಗುಳಿಗೆ ಟ್ರಮಡಾಲ್ 50 ಮಿಲಿಗ್ರಾಂ ಎಂಟು ತಾಸಿಗೊಂದು, ಹತ್ತು ದಿನಕ್ಕೆ. ಕೆಳಗೆ ಸಹಿ, ನೋಂದಣಿ ಸಂಖ್ಯೆ, ಮೊಹರು. ಅವನು ಅದನ್ನು ಎರಡು ಸಲ ತಿರುವಿ ನೋಡಿ, ಆಮೇಲೆ ನನ್ನ ಮುಖ ನೋಡಿದ. ಮೂರು ರಾತ್ರಿಯಿಂದ ನಿದ್ದೆಯಿಲ್ಲದೆ ನನ್ನ ಕಣ್ಣು ಕೆಂಪಾಗಿದ್ದವು, ಗಡ್ಡ ಬೆಳೆದಿತ್ತು, ಒಪ್ಪುತ್ತೇನೆ. "ಯಾರಿಗ್ರಿ ಇದು?" ಎಂದ. "ನಮ್ಮವ್ವಗ್ರಿ" ಎಂದೆ. "ಎಲ್ಲಾರೂ ಅವ್ವಗ ಅಂತನ ಹೇಳ್ತಾರ್ರಿ" ಎಂದು ಹೇಳಿಯೇ ಅವನು ತೋಳಿನ ಮಾತು ತೆಗೆದದ್ದು.

ನನ್ನ ಹಿಂದೆ ನಾಲ್ಕೈದು ಜನ ನಿಂತಿದ್ದರು. ಅವರಲ್ಲಿ ಏಳನೆಯ ಇಯತ್ತೆಯಲ್ಲಿ ನನಗೆ ಗಣಿತ ಕಲಿಸಿದ ಗುರುಗಳೂ ಇದ್ದರು. ಮಣಿಕಟ್ಟಿನ ಗುಂಡಿ ಬಿಗಿಯಾಗಿ ಬೇಗ ಬಿಚ್ಚಲಿಲ್ಲ. ಬಲಗೈ ನಡುಗುತ್ತಿತ್ತು, ಆ ನಡುಕವನ್ನೂ ಅವನು ನೋಡುತ್ತಿದ್ದಾನೆಂಬ ಅರಿವಿನಿಂದ ಅದು ಇನ್ನಷ್ಟು ನಡುಗಿತು. ಎಡತೋಳು ಏರಿಸಿದೆ. ಮೊಣಕೈ ಒಳಬದಿಯನ್ನು ಬೆಳಕಿಗೆ ತಿರುಗಿಸು ಎಂಬಂತೆ ಅವನು ಬೆರಳಿನಿಂದಲೇ ಸನ್ನೆ ಮಾಡಿದ, ತಿರುಗಿಸಿದೆ. ಆಮೇಲೆ ಬಲತೋಳು. ಗುಳಿಗೆಯನ್ನು ಪುಡಿಮಾಡಿ, ನೀರಿನಲ್ಲಿ ಕರಗಿಸಿ ನರಕ್ಕೆ ಚುಚ್ಚಿಕೊಳ್ಳುವವರಿದ್ದಾರೆ, ಅಂಥವರ ಗುರುತನ್ನು ಅವನು ನನ್ನ ಮೈಮೇಲೆ ಹುಡುಕುತ್ತಿದ್ದ. ಗುರುಗಳು ಗಾಜಿನ ಕಪಾಟಿನ ಹಾಲುಪುಡಿ ಡಬ್ಬಿಗಳ ಕಡೆ ಮುಖ ತಿರುಗಿಸಿದರು. ಅವರು ನನ್ನನ್ನು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಎರಡೂ ತೋಳುಗಳಲ್ಲಿ ಏನೂ ಸಿಗದ ಮೇಲೆ ಆತ ಚೀಟಿಯನ್ನು ಮಡಚಿ ನನ್ನ ಕಡೆ ಸರಿಸಿ, "ಸ್ಟಾಕ್ ಇಲ್ರಿ" ಎಂದ. ಸ್ಟಾಕ್ ಇಲ್ಲದಿದ್ದರೆ ತೋಳು ಏಕೆ ನೋಡಿದಿರಿ? ಇದನ್ನು ನಾನು ಅಲ್ಲಿ ಕೇಳಲಿಲ್ಲ, ಇಲ್ಲಿ ಕೇಳುತ್ತಿದ್ದೇನೆ.

ಅವನದೂ ತಪ್ಪಿಲ್ಲವೆಂದು ಮನೆಗೆ ಬರುವ ದಾರಿಯಲ್ಲಿ ನನಗೆ ನಾನೇ ಹೇಳಿಕೊಂಡೆ. 2014ರ ಮಾರ್ಚ್‌ನಿಂದ ಈ ಗುಳಿಗೆಗೆ ಪ್ರತ್ಯೇಕ ರಿಜಿಸ್ಟರ್ ಇಡಬೇಕು. ಬರೆದ ವೈದ್ಯರು ಯಾರು, ರೋಗಿ ಯಾರು, ಎಷ್ಟು ಕೊಟ್ಟರು ಎಂಬುದೆಲ್ಲ ಅದರಲ್ಲಿರಬೇಕು, ಮೂರು ವರ್ಷ ಕಾಯ್ದಿಡಬೇಕು. 2018ರಲ್ಲಿ ಟ್ರಮಡಾಲನ್ನು ಮಾದಕ ವಸ್ತುಗಳ ಕಾಯ್ದೆಯಡಿ ತಂದ ಮೇಲಂತೂ ಲೆಕ್ಕ ತಪ್ಪಿದರೆ ಅಂಗಡಿಯವನಿಗೆ ಜೈಲಿನ ಭಯ. ಆ ಕಾನೂನು ಬೇಕಾಗಿತ್ತು ಕೂಡ. ನಮ್ಮ ಓಣಿಯ ಹುಡುಗನೊಬ್ಬ ಬೈಕಿನಿಂದ ಬಿದ್ದು ಕಾಲು ಮುರಿದಾಗ ಇದೇ ಗುಳಿಗೆ ಶುರುಮಾಡಿದ. ಎಲುಬು ಕೂಡಿತು, ಗುಳಿಗೆ ಬಿಡಲಿಲ್ಲ. ಒಂದು ದಿನ ಸಿಗದಿದ್ದರೆ ಮೈಯೆಲ್ಲ ಬೆವರು, ಕೈಕಾಲು ಸೆಳೆತ, ಭೇದಿ. ಹೆಚ್ಚಾಗಿ ನುಂಗಿದ ಒಂದು ರಾತ್ರಿ ಅವನಿಗೆ ಫಿಟ್ಸ್ ಬಂದಾಗ ಹಲ್ಲು ಕಚ್ಚಿದ ಅವನ ಬಾಯಿ ಕಂಡು ಅವನವ್ವ ಕೂಗಿಕೊಂಡದ್ದನ್ನು ಕೇಳಿ ಎದ್ದು ಓಡಿದವರಲ್ಲಿ ನಾನೂ ಒಬ್ಬ. ಆದ್ದರಿಂದ ನನಗೆ ಬುದ್ಧಿ ಹೇಳಬೇಡಿ.

ಆದರೆ ಆ ಹುಡುಗನಿಗೆ ವರ್ಷಗಟ್ಟಲೆ ಚೀಟಿ ಇಲ್ಲದೆ ಕೊಟ್ಟವರು ಯಾರು? ಅವನ ತೋಳನ್ನು ಯಾರು ನೋಡಿದರು?

ಇಂದು ಸಂಜೆ ಅದಕ್ಕೂ ಉತ್ತರ ಸಿಕ್ಕಿತು. ನಾಲ್ಕನೆಯ ಅಂಗಡಿಯಲ್ಲಿ ನಾನು ಚೀಟಿ ತೆಗೆಯುವ ಮೊದಲೇ ಆತ ಬೆಲೆ ಹೇಳಿದ, ಮುದ್ರಿಸಿದ ದರಕ್ಕಿಂತ ಎರಡು ಪಟ್ಟು. "ಬಿಲ್ ಕೇಳಬ್ಯಾಡ್ರಿ" ಎಂದ. ಚೀಟಿ ಬಿಚ್ಚಲಿಲ್ಲ, ರಿಜಿಸ್ಟರ್ ತೆಗೆಯಲಿಲ್ಲ, ಹತ್ತು ಗುಳಿಗೆಗಳ ಒಂದು ಶೀಟನ್ನು ಹಳೆಯ ಪತ್ರಿಕೆಯ ತುಂಡಿನಲ್ಲಿ ಸುತ್ತಿ ಕೊಟ್ಟ. ನಾನು ತೆಗೆದುಕೊಂಡೆ. ನಮ್ಮ ಓಣಿಯ ಹುಡುಗ ನಿಲ್ಲುವ ಜಾಗದಲ್ಲಿಯೇ ನಿಂತು, ಅವನು ಕೊಡುವಷ್ಟೇ ಹಣ ಕೊಟ್ಟು ತೆಗೆದುಕೊಂಡೆ. ಸರಿಯಾದ ಚೀಟಿ ಹಿಡಿದವನನ್ನು ಕಳ್ಳನಂತೆ ತಡಕಾಡುವ ಅಂಗಡಿಯೂ ಈ ಊರಿನಲ್ಲಿದೆ, ಚೀಟಿಯೇ ಬೇಡವೆನ್ನುವ ಅಂಗಡಿಯೂ ಇದೆ. ಈ ಎರಡರ ನಡುವೆ ಔಷಧವನ್ನು ಔಷಧವಾಗಿ ಮಾರುವವರು ಒಬ್ಬರೂ ಇಲ್ಲವೇ? ಯಾರಾದರೂ ಹೇಳಿ. ಅಂಗಡಿಯವರಾಗಲಿ, ವೈದ್ಯರಾಗಲಿ, ಅಧಿಕಾರಿಗಳಾಗಲಿ, ಒಬ್ಬರಾದರೂ ಹೇಳಿ.

ಅವ್ವ ಬೆಟಗೇರಿಯಲ್ಲಿ ಮೂವತ್ತು ವರ್ಷ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯ್ದವಳು. ಈಗ ರೋಗ ಬೆನ್ನೆಲುಬಿಗೆ ಇಳಿದಿದೆ. ಕೌದಿಯ ಮೇಲೆ ಮಗ್ಗುಲು ಬದಲಿಸುವ ಮೊದಲು ಸೆರಗಿನ ತುದಿಯನ್ನು ಬಾಯಿಗೆ ತುಂಬಿಕೊಳ್ಳುತ್ತಾಳೆ, ಮೊಮ್ಮಕ್ಕಳಿಗೆ ಕೂಗು ಕೇಳಬಾರದೆಂದು. ಆ ಸೆರಗಿನ ಅಂಚಿನಲ್ಲಿ ಹಲ್ಲಿನ ಗುರುತು ಬಿದ್ದು ದಾರ ಎದ್ದಿದೆ. ಗುರುತು ನೋಡಬೇಕೆಂದಿದ್ದರೆ ಅದನ್ನು ನೋಡಬೇಕಾಗಿತ್ತು.

ಈ ಗುಳಿಗೆ ಸಾಲದಾದಾಗ ಇದಕ್ಕಿಂತ ಬಲವಾದ ನೋವಿನ ಔಷಧ ಮಾರ್ಫಿನ್ ಬೇಕಾಗುತ್ತದೆ ಎಂದು ವೈದ್ಯರು ಹೇಳಿದ್ದಾರೆ. ಮಾದಕ ವಸ್ತುಗಳ ಕಾಯ್ದೆಯ 2014ರ ತಿದ್ದುಪಡಿಯ ನಂತರ ಮಾನ್ಯತೆ ಪಡೆದ ಆಸ್ಪತ್ರೆಗಳಿಗೆ ಅದನ್ನು ಇಡುವುದು ಮೊದಲಿನಷ್ಟು ಕಷ್ಟವಿಲ್ಲವಂತೆ. ಮಾರ್ಫಿನ್ ತೆಗೆಯುವ ಅಫೀಮು ನಮ್ಮ ದೇಶದಲ್ಲೇ, ಮಧ್ಯಪ್ರದೇಶ ರಾಜಸ್ಥಾನಗಳ ಹೊಲಗಳಲ್ಲಿ, ಸರ್ಕಾರದ ಪರವಾನಗಿಯಿಂದಲೇ ಬೆಳೆಯುತ್ತದೆ. ಮಧ್ಯಪ್ರದೇಶದ ನೀಮಚ್‌ನಲ್ಲಿ ಅದಕ್ಕೆ ಸರ್ಕಾರದ್ದೇ ಕಾರ್ಖಾನೆ ಇದೆ. ಟ್ರಮಡಾಲಿಗೇ ತೋಳು ತೋರಿಸಿದವನು ಮಾರ್ಫಿನ್‌ಗೆ ಇನ್ನೇನು ತೋರಿಸಬೇಕೋ ತಿಳಿಯದು. ಹೋಗಲಿ, ಅದಕ್ಕೆ ಹುಬ್ಬಳ್ಳಿಗೇ ಹೋಗುತ್ತೇನೆ, ಯಾರೊಂದಿಗೂ ಜಗಳ ಬೇಡ. ಹೀಗೆ ಅಂದುಕೊಂಡ ಮರುಕ್ಷಣವೇ ಮತ್ತೆ ಆ ಅಂಗಡಿಗೆ ಹೋಗಿ, ಗುರುಗಳ ಎದುರಿಗೇ ಅವನಿಂದ ಕ್ಷಮೆ ಕೇಳಿಸಬೇಕೆನ್ನಿಸುತ್ತದೆ.

ರಾತ್ರಿ ಎಂಟಕ್ಕೆ ಅವ್ವನಿಗೆ ಒಂದು ಗುಳಿಗೆ ಕೊಟ್ಟೆ. "ಎಲ್ಲೆ ಸಿಕ್ತೋ ತಮ್ಮಾ?" ಎಂದಳು. "ಇಲ್ಲೇ ಅಂಗಡ್ಯಾಗ" ಎಂದೆ. ಈಗ ಮಲಗಿದ್ದಾಳೆ. ಇನ್ನು ಒಂಬತ್ತು ಉಳಿದಿವೆ, ಮೂರು ದಿನಕ್ಕೆ ಮುಗಿಯುತ್ತವೆ. ಗದಗ-ಬೆಟಗೇರಿಯಲ್ಲಿ ಚೀಟಿ ನೋಡಿ, ರಿಜಿಸ್ಟರಿನಲ್ಲಿ ಬರೆದು, ಬಿಲ್ಲು ಹರಿದು ಕೊಡುವ ಅಂಗಡಿ ಯಾರಿಗಾದರೂ ಗೊತ್ತಿದ್ದರೆ ಅಷ್ಟರೊಳಗೆ ತಿಳಿಸಿ.