ಪಂಚಾಂಗದ ಸೂರ್ಯ, ಕಿಟಕಿಯ ಸೂರ್ಯ

ಪೆರುವಿನ ಲಿಮಾದಲ್ಲಿ ನೆಲೆಸಿ ಹನ್ನೊಂದು ವರ್ಷಗಳಾದವು. ಕಳೆದ ಜೂನ್ ತಿಂಗಳಲ್ಲಿ ಕುಸ್ಕೋಗೆ ಹೋಗಿದ್ದಾಗ, ನಾನು ಇಳಿದುಕೊಂಡಿದ್ದ ಮನೆಯ ಅಜ್ಜಿ, "ಸೂರ್ಯ ಹಿಂದಿರುಗುವ ದಿನ ನಿಮ್ಮೂರಿನಲ್ಲಿ ಹೇಗೆ ತಿಳಿಯುತ್ತದೆ?" ಎಂದು ಕೇಳಿದರು. ಪಂಚಾಂಗದಲ್ಲಿ ಬರೆದಿರುತ್ತದೆ ಎಂದೆ. "ನೀವು ಯಾರೂ ನೋಡುವುದಿಲ್ಲವೇ?" ಎಂದು ಅವರು ಕೇಳಿದ್ದು ಮನಸ್ಸಿಗೆ ನಾಟಿತು.

ಜೂನ್ 21ರ ಮುಂಜಾನೆ ಇಂಕಾ ಅರಸರ ಕಾಲದ ಮಾಚು ಪಿಚುವಿನ ತೊರ್ರೆಯೋನ್ ಎಂಬ ಬಾಗುಗೋಡೆಯ ಗುಡಿಯನ್ನು ಮೇಲಿನ ದಾರಿಯಿಂದ ನೋಡುತ್ತ ನಿಂತಿದ್ದೆ. ಬೆಟ್ಟದಂಚನ್ನು ದಾಟಿದ ಸೂರ್ಯನ ಬೆಳಕು ಈಶಾನ್ಯದ ಕಿಟಕಿಯಿಂದ ಒಳಬಂದು, ನಡುವಿನ ಬಂಡೆಯಲ್ಲಿ ಕಡಿದ ನೇರ ಅಂಚಿಗೆ ಸರಿಯಾಗಿ ಹೊಂದಿಕೊಂಡಿತು. ದಕ್ಷಿಣಾರ್ಧಗೋಳದಲ್ಲಿ ಅದು ಚಳಿಗಾಲದ ನಡುಮಧ್ಯ. ಆ ದಿನಗಳಲ್ಲಿ ಸೂರ್ಯ ಹುಟ್ಟುವ ಜಾಗ ಕಣ್ಣಿಗೆ ಕಾಣುವಷ್ಟು ಸರಿಯುವುದಿಲ್ಲವಾದ್ದರಿಂದ, ತಿರುವನ್ನು ಗುರುತಿಸಲು ಇಷ್ಟು ನಿಖರವಾದ ಅಂಚು ಬೇಕು. ಕುಸ್ಕೋ ಸುತ್ತಲಿನ ಬೆಟ್ಟಗಳ ಮೇಲೂ ಬಿತ್ತನೆಯ ಕಾಲ ತಿಳಿಸುವ ಕಂಬಗಳಿದ್ದವೆಂದು ಸ್ಪ್ಯಾನಿಷರೇ ಬರೆದಿಟ್ಟಿದ್ದಾರೆ. ಅವು ಈಗಿಲ್ಲ, ಆದರೆ ಉರುಬಾಂಬಾ ಊರಿನ ಮೇಲಿನ ಬೆಟ್ಟದ ಸಾಲಿನಲ್ಲಿ ಅಂಥ ಎರಡು ಉಳಿದಿವೆ.

ನನಗೆ ನೆನಪಾದದ್ದು ಬೆಂಗಳೂರಿನ ಗವಿಪುರದ ಗವಿ ಗಂಗಾಧರೇಶ್ವರ ಗುಡಿ. ಸಂಕ್ರಾಂತಿಯ ಸಂಜೆ ಅಪ್ಪನ ಹೆಗಲೇರಿ, ನಂದಿಯ ಕೊಂಬುಗಳ ನಡುವಿನಿಂದ ಕಿರಣ ಲಿಂಗವನ್ನು ಮುಟ್ಟುವುದನ್ನು ಕಾಣಲು ಕತ್ತು ಚಾಚುತ್ತಿದ್ದ ಆ ಗವಿ. ಸೂರ್ಯ ನಿಜಕ್ಕೂ ಉತ್ತರಕ್ಕೆ ಹೊರಳುವುದು ಡಿಸೆಂಬರ್ 21 ಅಥವಾ 22ರಂದು. ಅಯನಚಲನೆಯನ್ನು (ಭೂಮಿಯ ಅಕ್ಷ ಮೆಲ್ಲಗೆ ದಿಕ್ಕು ಬದಲಿಸುವುದರಿಂದ ನಕ್ಷತ್ರಗಳ ಲೆಕ್ಕದಲ್ಲಿ ಅಯನದ ದಿನ ಸರಿಯುವುದನ್ನು) ಲೆಕ್ಕಕ್ಕೆ ತೆಗೆದುಕೊಳ್ಳದ ನಮ್ಮ ಗಣಿತದಿಂದಾಗಿ, ಉತ್ತರಾಯಣ ಬಂತೆಂದು ನಾವು ಎಳ್ಳುಬೆಲ್ಲ ಬೀರುವುದು ಮೂರು ವಾರಕ್ಕೂ ಹೆಚ್ಚು ತಡವಾಗಿ. ಅದೇ ಸೂರ್ಯ ಅದೇ ಜಾಗದಲ್ಲಿ ಮುಳುಗುವ ನವೆಂಬರ್ ಕೊನೆಯ ಸಂಜೆಗಳಲ್ಲಿ ಗವಿಗೆ ಹೋಗೋಣವೆಂದು ನಮ್ಮ ಮನೆಯಲ್ಲಿ ಒಮ್ಮೆಯೂ ಯಾರೂ ಹೇಳಿದ್ದಿಲ್ಲ. ಆಕಾಶವನ್ನು ಓದಿ ಕಟ್ಟಿದವರ ಮಕ್ಕಳಾದ ನಾವು ಆಕಾಶ ನೋಡುವುದನ್ನು ಬಿಟ್ಟಿದ್ದೇವೆ ಎಂಬುದು ನನ್ನ ದುಃಖ.

ಆದರೂ ಒಂದು ಮಾತು ಒಪ್ಪಲೇಬೇಕು. ಇಂಕಾಗಳ ಸೂರ್ಯೋತ್ಸವ ಇಂತಿ ರಾಯ್ಮಿಯನ್ನು ಸ್ಪ್ಯಾನಿಷ್ ಆಳ್ವಿಕೆ ನಿಲ್ಲಿಸಿತು; 1944ರಲ್ಲಿ ಅದು ಮರಳಿದ್ದು ನಟರು ಆಡಿ ತೋರಿಸುವ ಪ್ರದರ್ಶನವಾಗಿ. ತೊರ್ರೆಯೋನ್‌ನಲ್ಲಿ ಬೆಳಕು ಇಂದಿಗೂ ತಪ್ಪದೆ ಬೀಳುತ್ತದೆ, ಎದುರುಗೊಳ್ಳುವ ಅರ್ಚಕನಿಲ್ಲ.

ಕುಸ್ಕೋಗೆ ಮರಳಿದ ಸಂಜೆ ಗವಿಯ ಚಿತ್ರವನ್ನು ಅಜ್ಜಿಗೆ ಮೊಬೈಲಿನಲ್ಲಿ ತೋರಿಸಿದೆ. ಅವರು ಬಹಳ ಹೊತ್ತು ನೋಡಿ, "ಇಲ್ಲಿ ಈಗಲೂ ಪೂಜೆಯಾಗುತ್ತದೆಯೇ?" ಎಂದರು. ದಿನವೂ ಆಗುತ್ತದೆ ಎಂದೆ.