‘ಠ’ ಅಕ್ಷರಕ್ಕೊಂದು ರಾಗ ಬೇಕಾಗಿದೆ

‘ಘ’ ಬಂದ ರಾತ್ರಿ ನಮ್ಮ ಗುಂಪಿನಲ್ಲಿ ಯಾರೂ ಬೇಗ ಮಲಗುವುದಿಲ್ಲ. ಶಿರಸಿ, ಸಿದ್ದಾಪುರ, ಕುಮಟಾ, ಹೊನ್ನಾವರ, ಕಾರವಾರದವರು, ಜೊತೆಗೆ ಬೆಂಗಳೂರಿಗೂ ಅಮೆರಿಕಕ್ಕೂ ಹೋಗಿ ಕೂತ ಕೆಲವರು ಸೇರಿರುವ ವಾಟ್ಸಾಪ್ ಗುಂಪು ಅದು. ಊಟ ಮುಗಿಸಿ ಎಲೆಯಡಿಕೆ ತಟ್ಟೆ ಮುಂದಿಟ್ಟುಕೊಳ್ಳುವ ಹೊತ್ತಿಗೆ ಆಟ ಶುರು. ರಾತ್ರಿಗೊಂದು ಅಕ್ಷರ. ಆ ಅಕ್ಷರದಿಂದ ಆರಂಭವಾಗುವ ರಾಗದ ಹೆಸರು ಬರೆಯಬೇಕು, ಜೊತೆಗೆ ಒಂದು ಸಾಲು ಹಾಡಿಯೋ ಯಾರಾದರೂ ಹಾಡಿದ್ದನ್ನು ಹುಡುಕಿಯೋ ಕಳಿಸಬೇಕು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಹೇಳಿದರೆ ಅಂಕವಿಲ್ಲ. ಗೂಗಲ್ ನೋಡಿ ಹೇಳುವವರಿಗೂ ಅಂಕವಿಲ್ಲ, ಆದರೆ ಅವರನ್ನು ಹಿಡಿಯುವುದು ಹೇಗೆ? ಹಾಡಲು ಹೇಳಿದರೆ ಸಾಕು, ತಾವಾಗಿಯೇ ಸಿಕ್ಕಿಬೀಳುತ್ತಾರೆ.

‘ಕ’, ‘ಮ’, ‘ಸ’ ಬಂದ ದಿನ ಗುಂಪು ಮಾರಿಕಾಂಬಾ ಜಾತ್ರೆಯ ಪೇಟೆಯಾಗುತ್ತದೆ. ಕಲ್ಯಾಣಿ, ಕಾಂಬೋಧಿ, ಕೀರವಾಣಿ, ಕೇದಾರ, ಕಾಫಿ ಎಂದು ನೂಕುನುಗ್ಗಲು. ಅಂಥ ರಾತ್ರಿ ನನಗೆ ಆಕಳಿಕೆ ಬರುತ್ತದೆ. ಬಡ ಅಕ್ಷರಗಳ ಸರದಿ ಬಂದಾಗಲೇ ಆಟಕ್ಕೆ ಕಳೆ. ‘ಛ’ ಎಂದಾಗ ಛಾಯಾನಟ್ ನೆನಪಾಗಲು ಅರ್ಧ ಗಂಟೆ ಬೇಕು. ‘ಝ’ಕ್ಕೆ ಕಾರವಾರದ ಬ್ಯಾಂಕಿನವರು ಅಬ್ದುಲ್ ಕರೀಂ ಖಾನರು ಹಾಡಿದ ಝಿಂಝೋಟಿಯ ಹಳೆಯ ಧ್ವನಿಮುದ್ರಿಕೆ ಕಳಿಸಿದರೆ, ಅದರ ಕರಕರ ಸದ್ದಿನ ನಡುವಿನಿಂದ ಬರುವ ದನಿಗೆ ಎಲ್ಲರೂ ಅಂಕದ ವಿಷಯವನ್ನೇ ಮರೆಯುತ್ತಾರೆ.

‘ಘ’ದ ಕತೆ ಬೇರೆ. ಬೆಂಗಳೂರಿನಲ್ಲಿ ಕರ್ನಾಟಕ ಸಂಗೀತ ಕಲಿತ ಭಾವನ ಮಗಳು ಮೊದಲು ಘಂಟಾ ಎಂದಳು. ಮುತ್ತುಸ್ವಾಮಿ ದೀಕ್ಷಿತರು ದೇವಿಯ ಮೇಲೆ ರಚಿಸಿದ ಕಮಲಾಂಬಾ ನವಾವರಣ ಎಂಬ ಕೃತಿಗುಚ್ಛದಲ್ಲಿ ಎಂಟನೆಯ ಆವರಣದ ಕೃತಿ ಘಂಟಾದಲ್ಲಿದೆ. ಅದರ ಪಲ್ಲವಿಯನ್ನೂ ಕಳಿಸಿದಳು. ಹಿಂದೂಸ್ತಾನಿಯವರೆಲ್ಲ ಗಪ್‌ಚುಪ್. ಆಗ ಹೊನ್ನಾವರದ ಭಾಗವತರು ಒಂದು ಫೋಟೊ ಹಾಕಿದರು: ಅಂಚು ಹರಿದ, ಎಣ್ಣೆ ಕಲೆಯಾದ ಪ್ರಸಂಗ ಪುಸ್ತಕದ ಪುಟ. ನಮ್ಮ ಯಕ್ಷಗಾನ ಪ್ರಸಂಗಗಳಲ್ಲಿ ಪ್ರತಿ ಪದದ ತಲೆಯ ಮೇಲೂ ರಾಗ, ತಾಳ ಅಚ್ಚಾಗಿರುತ್ತದೆ: ಭೈರವಿ ಝಂಪೆ, ಸೌರಾಷ್ಟ್ರ ತ್ರಿವುಡೆ, ಹೀಗೆ. ಅವರ ಬೆರಳು ಇದ್ದ ಕಡೆ ‘ಘಂಟಾರವ’ ಎಂದಿತ್ತು. ‘ಇದೂ ಒಂದು ರಾಗವೇ ಹೌದೋ ಅಲ್ಲವೋ?’ ಎಂದು ಕೆಳಗೆ ಬರೆದಿದ್ದರು. ಯಾರೂ ಅಲ್ಲ ಎನ್ನಲಿಲ್ಲ. ರಾತ್ರಿಯಿಡೀ ಹಿಮ್ಮೇಳದ ಮುಂದೆ ಕೂತು ಹಾಡಿದವರ ಜೊತೆ ವಾದಕ್ಕಿಳಿಯುವ ಧೈರ್ಯ ನಮ್ಮಲ್ಲಿ ಯಾರಿಗಿದೆ!

ಆಟದ ಪಂಚಾಯ್ತಿಕೆ ಕುಮಟೆಯ ನಿವೃತ್ತ ಗಣಿತದ ಮಾಸ್ತರದ್ದು. ‘ಋ’ ಬಂದಾಗ ಯಾರೋ ಋಷಭಪ್ರಿಯ ಎಂದು ಬರೆದು ಗೆದ್ದೆ ಅಂದುಕೊಂಡರು. ಮಾಸ್ತರು ತಡೆದರು. ಕರ್ನಾಟಕ ಸಂಗೀತದಲ್ಲಿ ಉಳಿದ ರಾಗಗಳಿಗೆ ತಾಯಿಯಂತಿರುವ ಮೇಳಕರ್ತ ರಾಗಗಳ ಹೆಸರಿನ ಮೊದಲೆರಡು ಅಕ್ಷರಗಳಲ್ಲಿ, ವ್ಯಂಜನಕ್ಕೊಂದು ಅಂಕೆ ಕೊಡುವ ಕಟಪಯಾದಿ ಲೆಕ್ಕದಂತೆ, ಅದರ ಸಂಖ್ಯೆ ಅಡಗಿರುತ್ತದೆ, ಅಂಕೆಗಳನ್ನು ತಿರುಗಿಸಿ ಓದಬೇಕು. ಮಾಯಾಮಾಳವಗೌಳದಲ್ಲಿ ‘ಮ’ 5, ‘ಯ’ 1, ತಿರುಗಿಸಿದರೆ 15. ರಿಷಭಪ್ರಿಯದ ‘ರ’ 2, ‘ಷ’ 6, ಅಲ್ಲಿಗೆ 62. 72 ಮೇಳಗಳ ಸಾಲಿನಲ್ಲಿ ಅದರ ಜಾಗವೂ ಅದೇ. ಅದನ್ನು ಋಕಾರದಿಂದ ಬರೆದಿರೋ, ಸ್ವರಾಕ್ಷರಕ್ಕೆ ಬೆಲೆ ಸೊನ್ನೆ, ಲೆಕ್ಕ 60 ಆಗುತ್ತದೆ. ‘ಅಲ್ಲಿ ನೀತಿಮತಿ ಆಗಲೇ ಕೂತಾಗಿದೆ, ಇವಳನ್ನು ಎಲ್ಲಿ ಕೂರಿಸುವುದು?’ ಎಂದರು ಮಾಸ್ತರು. ವ್ಯಾಕರಣ ಗೊತ್ತಿದ್ದವರು ಋಷಭ ಎನ್ನುವುದೇ ಸರಿ ಎಂದು ಮರುದಿನ ಮಧ್ಯಾಹ್ನದವರೆಗೂ ಜಗಳವಾಡಿದರು. ಮಾಸ್ತರು ಜಗ್ಗಲಿಲ್ಲ. ಅದೇ ಮಾಸ್ತರು ‘ಫ’ದ ದಿನ ದೀಕ್ಷಿತರ ಪದ್ಧತಿಯ ಎರಡನೆಯ ಮೇಳ ಫೇನದ್ಯುತಿಯನ್ನು ತಾವೇ ಹೇಳಿ ಅಂಕ ಬರೆದುಕೊಂಡರು. ತೀರ್ಪುಗಾರರು ಆಡಬಹುದೇ ಎಂಬ ಪ್ರಶ್ನೆ ಇನ್ನೂ ಇತ್ಯರ್ಥವಾಗಿಲ್ಲ.

ಎಲ್ಲಕ್ಕಿಂತ ದೊಡ್ಡ ರಾದ್ಧಾಂತವಾದದ್ದು ‘ಭ’ ಮುಗಿದು ‘ಮ’ ಬಂದಾಗ. ಹಿಂದಿನ ರಾತ್ರಿ ಹಿಂದೂಸ್ತಾನಿಯ ಭೂಪ್ ಆಗಿತ್ತು. ಈಗ ಕರ್ನಾಟಕಿಯ ಮೋಹನ ಎಂದವರಿಗೆ ಅಂಕ ಕೊಡಬೇಕೋ ಬೇಡವೋ? ಎರಡೂ ಸ ರಿ ಗ ಪ ದ. ‘ಒಂದೇ ಆಸಾಮಿಗೆ ಎರಡು ಸಲ ಬಡಿಸುವುದೇ?’ ಎಂದರು ಬ್ಯಾಂಕಿನವರು. ಭಾವನ ಮಗಳು ಕೇಳಿದಳು: ‘ಹಾಗಿದ್ದರೆ ದೇಶಕಾರ್ ಏನು ಮಾಡುತ್ತೀರಿ ಮಾವ? ಅದರಲ್ಲೂ ಅವೇ ಐದು ಸ್ವರ.’ ಮಾತು ಸರಿಯೇ. ಭೂಪ್ ರಾತ್ರಿಯದು, ಗಾಂಧಾರದ ಮೇಲೆ ನಿಲ್ಲುತ್ತದೆ. ದೇಶಕಾರ್ ಬೆಳಗಿನದು, ಧೈವತವನ್ನು ಹಿಡಿದು ಮೇಲೆಯೇ ಸುಳಿಯುತ್ತದೆ. ಹಿಂದೂಸ್ತಾನಿಯೊಳಗೇ ಅವನ್ನು ಎರಡು ಎಂದು ಒಪ್ಪಿದವರು ಮೋಹನಕ್ಕೆ ಬೇಲಿ ಹಾಕುವುದು ಹೇಗೆ? ಕೊನೆಗೆ ಮೋಹನ ಪಾಸಾಯಿತು. ಅದರ ಬೆನ್ನಿಗೇ ಮಾಲಕಂಸ ಬಂತು. ಮುಂದೆ ‘ಹ’ ಬಂದಾಗ ಅದರದೇ ಸ್ವರಗಳ ಕರ್ನಾಟಕಿ ಹಿಂದೋಳವೂ, ಹೆಸರು ಮಾತ್ರ ಹತ್ತಿರವಿದ್ದು ಸ್ವರ ಬೇರೆಯಾದ ಹಿಂದೂಸ್ತಾನಿ ಹಿಂಡೋಲವೂ ಅದೇ ದಾರಿಯಲ್ಲಿ ಒಳಗೆ ಬಂದವು.

ಗಾಯಕರ ಹೆಸರಿನ ಆಟವನ್ನೂ ಒಮ್ಮೆ ಆಡಿ ನೋಡಿದೆವು, ಮಜಾ ಬರಲಿಲ್ಲ. ಗಂಗೂಬಾಯಿ ಹಾನಗಲ್‌ರನ್ನು ‘ಗ’ಕ್ಕೆ ಹಾಕಬೇಕೋ ‘ಹ’ಕ್ಕೋ, ಶಿವಪುತ್ರ ಕೋಮಕಲಿ ಎಂದು ಹುಟ್ಟಿದ ಕುಮಾರ ಗಂಧರ್ವರು ಎಲ್ಲಿಗೆ ಸೇರುತ್ತಾರೆ ಎನ್ನುವಷ್ಟರಲ್ಲಿ ಬೇಸರ ಬಂತು.

ಬಯಲುಸೀಮೆಯ ಗೆಳೆಯರೊಬ್ಬರು ಕೇಳಿದ್ದರು: ಅಕಾರಾದಿಗೂ ಸಂಗೀತಕ್ಕೂ ಏನು ಸಂಬಂಧ? ಏನೂ ಇಲ್ಲ. ಇಲ್ಲದಿರುವುದೇ ಲಾಭ. ನಮ್ಮ ಪಾಡಿಗೆ ನಮ್ಮನ್ನು ಬಿಟ್ಟರೆ ಸಂಜೆಗೆ ಯಮನ್, ರಾತ್ರಿಗೆ ಬಾಗೇಶ್ರೀ, ಕಡೆಗೊಂದು ಭೈರವಿ, ಅಲ್ಲಿಗೆ ಮುಗಿಯಿತು. ಮೊಬೈಲು ಕೂಡ ನಿನ್ನೆ ಕೇಳಿದ್ದನ್ನೇ ಇವತ್ತೂ ಮುಂದೆ ತಂದಿಡುತ್ತದೆ. ಅಕ್ಷರಕ್ಕೆ ನಮ್ಮ ಅಭಿರುಚಿಯ ಹಂಗಿಲ್ಲ. ‘ಟ’ ಬಂತು, ಟಕ್ಕ ಕೇಳು ಎನ್ನುತ್ತದೆ. ಭೈರವ್, ಭಟಿಯಾರ್ ಎಂಬ ನಸುಕಿನ ರಾಗಗಳನ್ನು ರಾತ್ರಿ ಹತ್ತಕ್ಕೆ ಎಬ್ಬಿಸಿ ತರುತ್ತದೆ. ಶಾಸ್ತ್ರಕ್ಕೆ ಇದು ಅಪಚಾರವಿರಬಹುದು. ಅಮೆರಿಕದಲ್ಲಿರುವ ಭಾವನಿಗೆ ಮಾತ್ರ ಆಗ ಬೆಳಗಾಗಿರುತ್ತದೆ, ಅವನ ಲೆಕ್ಕದಲ್ಲಿ ಎಲ್ಲ ಸಮಯಕ್ಕೆ ಸರಿಯಾಗಿಯೇ ಇದೆ.

ಅಡಿಕೆ ಸುಲಿಯುವ ದಿನಗಳಲ್ಲಿ ಕಳಿಸುವ ಹಾಡುಗಳನ್ನು ಕೇಳಬೇಕು. ಅತ್ತಿಗೆ ಮೆಟ್ಟುಗತ್ತಿಯ ಮಣೆ ಬಿಟ್ಟು ಏಳುವವಳಲ್ಲ. ಮೊಬೈಲನ್ನು ಪಕ್ಕದ ಬುಟ್ಟಿಯ ಅಂಚಿಗೆ ಒರಗಿಸಿ ಹಾಡುತ್ತಾಳೆ. ಸಿಪ್ಪೆ ಸೀಳುವ ಚರಕ್, ಅಡಿಕೆ ಬುಟ್ಟಿಗೆ ಬೀಳುವ ಟಕ್, ಅದರ ನಡುವೆ ಮದುವೆಮನೆಯ ಹಸೆ ಹಾಡಿನ ಎರಡು ಸಾಲು. ಯಾವ ಅಕ್ಷರಕ್ಕೆ ಕಳಿಸಿದ್ದು ಎಂದು ಮಾಸ್ತರು ಕೇಳಿದರು. ಭಾಗವತರು ಒಂದು ರಾಗ ಹೇಳಿದರು, ಭಾವನ ಮಗಳು ಇನ್ನೊಂದು ಹೇಳಿದಳು, ಮಾಸ್ತರು ಎರಡೂ ಅಲ್ಲವೆಂದರು. ‘ನಿಂಗಳ ಅಂಕ ನಿಂಗಳ ಹತ್ರನೇ ಇರ್ಲಿ’ ಎಂದು ಅತ್ತಿಗೆ ಮೂರನೆಯ ಸಾಲನ್ನೂ ಹಾಡಿ ಕಳಿಸಿದಳು.

‘ಠ’ ಇನ್ನೂ ಖಾಲಿಯಿದೆ. ಠುಮರಿ ಎಂದವನಿಗೆ, ‘ಅದು ರಾಗ ಅಲ್ದ ಮಾರಾಯ’ ಎಂದು ನಾಲ್ಕು ಕಡೆಯಿಂದ ಉತ್ತರ ಬಂತು. ‘ಳ’ಕ್ಕೆ ಮಾಸ್ತರು ವಿನಾಯಿತಿ ಕೊಟ್ಟರು: ಅದರಲ್ಲಿ ಮುಗಿದರೂ ನಡೆಯುತ್ತದೆ. ತಗೊಳ್ಳಿ, ಗೌಳ, ರೀತಿಗೌಳ, ಕೇದಾರಗೌಳ, ನಾರಾಯಣಗೌಳ, ಹಿಂದೋಳ, ಬಂಗಾಳ!

ವರ್ಣಮಾಲೆ ಮುಗಿಯಿತಲ್ಲ, ಇನ್ನೇನು ಎನ್ನುವಾಗ ಅಷ್ಟು ದಿನ ಒಂದಕ್ಷರವನ್ನೂ ಬರೆಯದೆ ಓದುತ್ತ ಕೂತಿದ್ದ ಸಿದ್ದಾಪುರದ ಮದ್ದಲೆಯವರು ಬಾಯಿ ಬಿಟ್ಟರು: ‘ಇನ್ನು ತಾಳ ಆಡುವ.’ ಮೊದಲ ಉತ್ತರವನ್ನೂ ಅವರೇ ಹಾಕಿದರು, ಝಂಪೆ. ಬ್ಯಾಂಕಿನವರು ಹಿಂದೆಯೇ ಝಪ್‌ತಾಲ್ ಎಂದರು. ಎರಡಕ್ಕೂ ಹತ್ತೇ ಮಾತ್ರೆ, ಹಾಗಾಗಿ ಅಂಕ ಒಬ್ಬರಿಗೇ ಎಂದು ಯಾರೋ ಎದ್ದರು. ಮದ್ದಲೆಯವರು ಝಂಪೆಯ ಏಳು, ಒಂದು, ಎರಡನ್ನೂ ಝಪ್‌ತಾಲದ ಎರಡು, ಮೂರು, ಎರಡು, ಮೂರನ್ನೂ ಮೇಜಿನ ಮೇಲೆ ಬಡಿದು ಕಳಿಸಿ, ‘ಈಗ ಹೇಳಿ’ ಎಂದಿದ್ದಾರೆ. ಮಾಸ್ತರ ತೀರ್ಪು ಇನ್ನೂ ಬಂದಿಲ್ಲ.